ಅರ್ಧ ಸುಟ್ಟ ಗರಿ

ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಹಿತ್ತಿಲ ನಲ್ಲಿಯ ಹತ್ತಿರ ಕೂತು ಬೂತಾಯಿ ಮೀನು ಶುಚಿ ಮಾಡುತ್ತಿದ್ದೆ. ಮೀನಿನವಳು ಆ ದಿನ ತಡವಾಗಿ ಬಂದಿದ್ದಳು. ಆದರೆ ತಂದ ಮೀನು ಒಳ್ಳೆಯದಿತ್ತು, ಮುಟ್ಟಿದರೆ ಗಟ್ಟಿ, ಕಣ್ಣು ಇನ್ನೂ ಹೊಳೆಯುತ್ತಿತ್ತು. ಇಂಥದ್ದನ್ನೂ ದೇವರ ಕೃಪೆ ಎಂದು ಮನಸ್ಸಿನಲ್ಲಿ ಎತ್ತಿಡುವುದು ನನ್ನ ಅಭ್ಯಾಸ. ಈಸ್ಟರ್ ಕಳೆದು ಮಕ್ಕಳಿಗೆ ರಜೆ ಸಿಕ್ಕಿದ ದಿನಗಳು ಅವು. ದೇರೆಬೈಲಿನ ನಮ್ಮ ಮನೆಯ ಮೇಲೆ ಕಪ್ಪು ಮೋಡ ಕಟ್ಟಿ ಗಂಟೆಯಾಗಿತ್ತು. ಮಳೆ ಒಂದು ಹನಿ ಇಲ್ಲ, ಬರೀ ಗುಡುಗು.

ಒಳಗೆ ಫೋನ್ ರಿಂಗಾಯಿತು. ಕೈತುಂಬ ಮೀನಿನ ಹುರುಪೆ, ಹಾಗಾಗಿ ಬಿಟ್ಟೆ. ನಿಂತದ್ದು ಪುನಃ ರಿಂಗಾದಾಗ ಸೆರಗಿನಲ್ಲಿ ಕೈ ಒರೆಸಿಕೊಂಡು ಹೋಗಿ ಎತ್ತಿದೆ. ಅತ್ತಾವರದಲ್ಲಿ ನನ್ನ ಮಗಳಿರುವ ಫ್ಲ್ಯಾಟಿನ ಎದುರುಮನೆಯವರು. ಅವರ ಯಜಮಾನರು ದೇವಸ್ಥಾನದಲ್ಲಿ ಪೂಜೆಯವರು. ಅವರು ನನಗೆ ಹಬ್ಬಕ್ಕೆ ಕಡುಬು ಕೊಡುತ್ತಾರೆ, ನಾನು ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿ ಕೊಡುತ್ತೇನೆ. ಹಗಲು ಹೊತ್ತಿನಲ್ಲಿ ಅವರು ಫೋನ್ ಮಾಡಿದ್ದು ಅದೇ ಮೊದಲು.

"ಬಾಯಮ್ಮ, ಹೆದರಬೇಡಿ ಆಯ್ತಾ," ಅಂದರು.

ಹೆದರಬೇಡಿ ಎಂದು ಶುರುವಾದ ಮಾತು ಕೇಳಿ ಹೆದರದವರು ಯಾರಿದ್ದಾರೆ?

"ಎಂತ ಆಯ್ತು?"

"ಮಗುವಿನ ಕೈ ಸ್ವಲ್ಪ ಸುಟ್ಟಿದೆ. ನಿಮ್ಮ ಮಗಳು ಅವರ ಆಸ್ಪತ್ರೆಗೇ ಕರ್ಕೊಂಡು ಹೋದ್ರು. ಬೆಂಕಿ ನಂದಿಸಿ ಆಯ್ತು. ಕರ್ಟನ್ ಒಂದು ಹೋಯ್ತು, ಮತ್ತೆಂತ ಇಲ್ಲ."

"ಬೆಂಕಿಯಾ? ಎಲ್ಲಿಂದ ಬೆಂಕಿ?"

"ನಿಮ್ಮ ಇಗರ್ಜಿಯ ಗರಿ ಉಂಟಲ್ಲ, ಅದನ್ನು ಸುಡ್ಲಿಕ್ಕೆ ಹೋದದ್ದಂತೆ. ಗುಡುಗು ಬಂತಲ್ಲ, ಅದಕ್ಕೆ. ಅಮ್ಮ ಮಲಗಿದ್ರು, ಪಾಪ."

ಫೋನಿನ ಮೇಲೆಲ್ಲ ಬೂತಾಯಿಯ ಹುರುಪೆ ಅಂಟಿತ್ತು.

ಗರಿಯ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ಈಸ್ಟರಿನ ಹಿಂದಿನ ಭಾನುವಾರ ಇಗರ್ಜಿಯಲ್ಲಿ ತೆಂಗಿನ ಎಳೆ ಗರಿಗಳನ್ನು ಆಶೀರ್ವದಿಸಿ ಎಲ್ಲರಿಗೂ ಕೊಡುತ್ತಾರೆ. ನಾವು ಅದನ್ನು ಮನೆಗೆ ತಂದು ಶಿಲುಬೆಯ ಹಾಗೆ ಹೆಣೆದು ಆಲ್ತಾರಿನ ಹಿಂದೆ ಸಿಕ್ಕಿಸಿ ಇಡುತ್ತೇವೆ. ಆಲ್ತಾರ್ ಎಂದರೆ ನಮ್ಮ ಮನೆಗಳಲ್ಲಿ ದೇವರ ಪ್ರತಿಮೆ, ಮೇಣದ ಬತ್ತಿ ಇಡುವ ಜಾಗ. ವರ್ಷವಿಡೀ ಅದು ಅಲ್ಲೇ ಒಣಗುತ್ತದೆ. ಜೋರು ಗುಡುಗು ಸಿಡಿಲು ಬಂದಾಗ ಅದರ ಒಂದು ತುಂಡು ಮುರಿದು, ತೆಂಗಿನಕಾಯಿಯ ಗೆರಟೆಯಲ್ಲಿಟ್ಟು ಸುಟ್ಟು ಪ್ರಾರ್ಥನೆ ಹೇಳುತ್ತೇವೆ. ನನ್ನ ಅಮ್ಮ ಮಾಡುತ್ತಿದ್ದರು, ನನ್ನ ಅತ್ತೆ ಮಾಡುತ್ತಿದ್ದರು, ನಾನು ಮಾಡುತ್ತೇನೆ. ಅದರ ಹೊಗೆಯ ವಾಸನೆ ಬಂದರೆ ನನಗೆ ಈಗಲೂ ಯಾರೋ ದೊಡ್ಡವರು ಹತ್ತಿರ ಇದ್ದ ಹಾಗೆ ಧೈರ್ಯ ಬರುತ್ತದೆ.

ಮೀನನ್ನು ಪಾತ್ರೆ ಸಮೇತ ಫ್ರಿಜ್ಜಿಗೆ ತಳ್ಳಿದೆ. ನನ್ನ ಯಜಮಾನರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಗಲ್ಫಿನಲ್ಲಿ ವರ್ಷಗಟ್ಟಲೆ ಎಲೆಕ್ಟ್ರಿಷಿಯನ್ ಆಗಿ ದುಡಿದು ಬಂದವರು, ಗಾಬರಿಯಾದಾಗ ಮಾತು ಕಡಿಮೆ. ಕಾರಿನ ಕೀ ತೆಗೆದುಕೊಂಡು, "ಕೈ ತೊಳ್ಕೊ, ಮಾರಾಯ್ತಿ," ಎಂದಷ್ಟೇ ಹೇಳಿದರು.

ದಾರಿಯುದ್ದಕ್ಕೂ ನಾನು ಜಪಮಾಲೆ ಹಿಡಿದು ತೆರ್ಸ್ ಹೇಳಲು ನೋಡಿದೆ. ಮಣಿ ಕೈಯಲ್ಲಿ ಸರಿಯುತ್ತಿತ್ತು, ಬಾಯಿಗೆ ಮಾತ್ರ ಬೇರೆಯೇ ಒಂದು ಮಾತು ಬರುತ್ತಿತ್ತು. ಅದು ಪ್ರಾರ್ಥನೆಯಲ್ಲ. ನಾನೇ ಹಿಂದಿನ ವಾರ ಮೊಮ್ಮಗಳಿಗೆ ಹೇಳಿದ ಮಾತು.

ಮಗಳು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಳಿಯ ದೋಹಾದಲ್ಲಿ. ಮಗಳ ಡ್ಯೂಟಿ ಇರುವಾಗ ಮಗು ನಮ್ಮಲ್ಲಿಗೆ ಬರುತ್ತದೆ. ಏಳು ವರ್ಷದ ಹುಡುಗಿ, ಕಣ್ಣು ಬಿಟ್ಟಲ್ಲಿಂದ ಮುಚ್ಚುವವರೆಗೆ ಕೇಳುತ್ತಾ ಇರುವುದೇ ಕೆಲಸ. ಸಮುದ್ರದ ನೀರು ಉಪ್ಪು ಯಾಕೆ? ಚಂದ್ರ ನಮ್ಮ ಕಾರಿನ ಹಿಂದೆ ಯಾಕೆ ಬರ್ತಾನೆ? ತಣ್ಣೀರು ಹಾಕಿದರೆ ಲೋಟ ಹೊರಗಿಂದ ಯಾಕೆ ಒದ್ದೆ? ನನಗೆ ಅವಳ ಪ್ರಶ್ನೆಗಳು ಖುಷಿ. ಇನ್ನೂ ಖುಷಿ ನನ್ನ ಉತ್ತರಗಳು. ಸಮುದ್ರದಲ್ಲಿ ಮೀನು ಕೆಡದ ಹಾಗೆ ದೇವರು ಉಪ್ಪು ಹಾಕಿದ್ದು. ನೀನು ಒಬ್ಬಳೇ ಹೋಗಬಾರದು ಅಂತ ಚಂದ್ರ ಜೊತೆಗೆ ಬರುವುದು. ಲೋಟಕ್ಕೆ ಸೆಕೆ ಆಗಿ ಬೆವರುವುದು. ಮಗು ತಲೆಯಾಡಿಸಿ ಒಪ್ಪಿಕೊಂಡಾಗ, ಹತ್ತನೇ ಕ್ಲಾಸ್ ಕಲಿತ ನಾನು ಟೀಚರಮ್ಮ ಆದ ಹಾಗೆ ಅನಿಸುತ್ತಿತ್ತು. ಗೊತ್ತಿಲ್ಲ ಎಂದು ಒಂದು ಸಲವೂ ಹೇಳಿದವಳಲ್ಲ.

ಹಿಂದಿನ ವಾರವೂ ಸಂಜೆ ಗುಡುಗು ಬಂದಿತ್ತು. ನಾನು ಗೆರಟೆಯಲ್ಲಿ ಗರಿ ಸುಟ್ಟು ಅಡುಗೆಮನೆಗೆ ಬಂದೆ. ಎಣ್ಣೆಯಲ್ಲಿ ಹಪ್ಪಳ ಕಾಯಿಸುತ್ತಿದ್ದೆ. ಅವಳು ಹಿಂದೆಯೇ ಬಂದಳು. ಅವಳ ಬಾಯಲ್ಲಿ ಅಜ್ಜಿ ಎಂದರೆ ಮಾಂಯ್, ಅಜ್ಜ ಎಂದರೆ ಆಬ್.

"ಮಾಂಯ್, ನಾವು ಸುಟ್ಟದ್ದು ಗುಡುಗಿಗೆ ಹೇಗೆ ಗೊತ್ತಾಗ್ತದೆ?"

"ಹೊಗೆ ಮೇಲೆ ಹೋಗ್ತದಲ್ಲ."

"ಆಚೆ ಮನೆಯವರು ಸುಡಲಿಲ್ಲ?"

"ಅವರದ್ದು ಅವರು ಬೇರೆ ಮಾಡ್ತಾರೆ."

"ಸುಡದಿದ್ದರೆ ಎಂತ ಆಗ್ತದೆ?"

ಹಪ್ಪಳ ಕೆಂಪಾಗಿ ಹೋಗುತ್ತಿತ್ತು. ಎಣ್ಣೆ ಹಾರುತ್ತಿತ್ತು. ಅವಳು ಒಲೆಯ ಹತ್ತಿರ ಬರಬಾರದು, ಬಾಯಿ ಮುಚ್ಚಬೇಕು, ಎರಡೂ ಒಟ್ಟಿಗೆ ಆಗಬೇಕಿತ್ತು ನನಗೆ. "ಸುಡದಿದ್ದರೆ ಗುಡುಗು ಮನೆ ಹುಡುಕಿಕೊಂಡು ಬರ್ತದೆ. ಈಗ ಹೋಗಿ ಕೂತುಕೋ," ಎಂದೆ.

ಅವಳು ಹೋಗಿ ಕೂತಳು. ಮರುದಿನ ಮನೆಗೆ ಹೊರಡುವಾಗ, "ನಮ್ಮ ಮನೆಗೂ ಒಂದು ಗರಿ ಕೊಡು ಮಾಂಯ್," ಎಂದು ಕೇಳಿದಳು. ಇಷ್ಟು ಸಣ್ಣ ಪ್ರಾಯದಲ್ಲಿ ಎಷ್ಟು ಭಕ್ತಿ ಎಂದು ನಾನು ಉಬ್ಬಿಹೋಗಿ ಇದ್ದುದರಲ್ಲಿ ಉದ್ದದ ಗರಿಯನ್ನೇ ಅವಳ ಬ್ಯಾಗಿನಲ್ಲಿಟ್ಟೆ. ಅದು ಭಕ್ತಿಯಲ್ಲ, ಹೆದರಿಕೆ ಎಂದು ತಿಳಿಯಲು ನನಗೆ ಈ ಫೋನ್ ಬರಬೇಕಾಯಿತು.

ನಾವು ಮುಟ್ಟುವಷ್ಟರಲ್ಲಿ ಅವರು ಆಸ್ಪತ್ರೆಯಿಂದ ಫ್ಲ್ಯಾಟಿಗೆ ವಾಪಸ್ ಬಂದಿದ್ದರು. ಮಗು ಸೋಫಾದ ಮೂಲೆಯಲ್ಲಿ ಎಡಗೈಗೆ ಬಿಳಿ ಬ್ಯಾಂಡೇಜ್ ಸುತ್ತಿಕೊಂಡು ಕೂತಿತ್ತು. ಬಲಗೈ ಅಲ್ಲ, ಅದೊಂದು ಕೃಪೆ. ಅಂಗೈಯ ಚರ್ಮ ಬೊಬ್ಬೆ ಎದ್ದಿದೆ, ಆಳಕ್ಕೆ ಹೋಗಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ, ಅದೊಂದು. ಕಾರ್ಪೊರೇಶನ್ ನೀರು ದಿನ ಬಿಟ್ಟು ದಿನ ಬರುವುದರಿಂದ ಮಗಳು ಎಲ್ಲ ಬಕೆಟ್ಟುಗಳಲ್ಲೂ ನೀರು ತುಂಬಿಸಿಟ್ಟಿದ್ದಳು. ಬೆಳಿಗ್ಗೆಯಷ್ಟೇ ಆ ನೀರಿನ ವಿಷಯಕ್ಕೆ ನಾನು ಕಾರ್ಪೊರೇಶನ್ನಿಗೆ ಶಾಪ ಹಾಕಿದ್ದೆ. ಆ ಬಕೆಟ್ಟೇ ಕರ್ಟನ್ ನಂದಿಸಿತು.

ಎದುರುಮನೆಯವರು ಒದ್ದೆ ನೆಲ ಒರೆಸುತ್ತಿದ್ದರು. ಬೇಡ ಬೇಡ ಎಂದರೂ ಬಿಡಲಿಲ್ಲ. "ನಮ್ಮಲ್ಲಿ ಗುಡುಗಿಗೆ ಬಾಯಲ್ಲಿ ಹೆಸರು ಹೇಳುವುದು ಬಾಯಮ್ಮ. ಬೆಂಕಿಪೆಟ್ಟಿಗೆ ಬೇಕಾಗುವುದಿಲ್ಲ," ಎಂದರು. ಮಗಳು ಸ್ವಲ್ಪ ನಕ್ಕಳು. ನನಗೆ ನಗು ಬರಲಿಲ್ಲ.

"ತಪ್ಪು ನನ್ನದೇ ಮಮ್ಮಿ," ಎಂದಳು ಮಗಳು. ಅವಳ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. "ರಾತ್ರಿ ಡ್ಯೂಟಿ ಮುಗಿಸಿ, ನಿಮ್ಮಲ್ಲಿಂದ ಇವಳನ್ನು ಕರ್ಕೊಂಡು ಬಂದು ಬಿದ್ದುಕೊಂಡೆ. ಬೆಂಕಿಪೆಟ್ಟಿಗೆಯನ್ನು ಆಲ್ತಾರಿನಲ್ಲೇ ಬಿಟ್ಟಿದ್ದೆ. ನರ್ಸಂತೆ ನರ್ಸ್, ಸ್ವಂತ ಮಗುವನ್ನು ನೋಡ್ಲಿಕ್ಕೆ ಆಗುವುದಿಲ್ಲ."

ಆಗಲೇ ಹೇಳಬೇಕಿತ್ತು. ಬಾಯಿಯವರೆಗೆ ಬಂತು. "ನಿನ್ನದೆಂತ ತಪ್ಪು, ಬಿಡು," ಎಂದೆ. ಅದು ಸಮಾಧಾನದ ಮಾತಿನ ಹಾಗೆ ಕೇಳಿತು. ನಿಜವಾಗಿ ಅದು ನಾನು ಅಡಗಿಕೊಂಡ ಮಾತು.

ಮಗಳು ಒಳಗೆ ಮಗುವಿನ ಬಟ್ಟೆಯ ಚೀಲ ತುಂಬಿಸಲು ಹೋದಳು. ಆ ಹೊತ್ತಿಗೆ ಮಗು ನನ್ನ ಸೆರಗು ಹಿಡಿದು ಎಳೆಯಿತು. ಅತ್ತಿರಲಿಲ್ಲ ಅದು, ಆಸ್ಪತ್ರೆಯಲ್ಲೂ ಅಳಲಿಲ್ಲವಂತೆ.

"ಮಾಂಯ್, ಗರಿ ಪೂರ್ತಿ ಸುಡಲಿಲ್ಲ. ಅರ್ಧ ಆಗುವಾಗ ಕರ್ಟನಿಗೆ ಹಿಡಿಯಿತು. ಮಮ್ಮಿ ನೀರು ಹಾಕಿಬಿಟ್ಟಳು. ಈಗ ಎಂತ ಆಗ್ತದೆ?"

"ಎಂತ ಆಗುವುದಿಲ್ಲ."

"ಮಮ್ಮಿ ಇವತ್ತು ಡ್ಯೂಟಿಗೆ ಹೋಗ್ತಾಳೆ. ಗುಡುಗು ಅವಳನ್ನು ಹುಡುಕ್ತದಾ?"

ಅಷ್ಟು ಹೇಳಿ ನನ್ನ ಮುಖವನ್ನೇ ನೋಡಿತು. ಸುಟ್ಟ ಕೈಯ ನೋವು ಆ ಮುಖದಲ್ಲಿ ಇರಲಿಲ್ಲ. ತಾಯಿಗೆ ಏನಾದರೂ ಆದರೆ ಅದು ತನ್ನಿಂದ ಎಂಬ ಭಾರ ಇತ್ತು. ಕೈಗೆ ಮುಲಾಮು ಹಚ್ಚಿದ್ದಾರೆ. ಈ ಭಾರವನ್ನು ಹಾಕಿದವಳು ನಾನು, ತೆಗೆಯಬೇಕಾದವಳೂ ನಾನೇ. ತೆಗೆಯದಿದ್ದರೆ ಇನ್ನು ಮಳೆಗಾಲವಿಡೀ, ಯಾರಿಗೆ ಗೊತ್ತು ಜನ್ಮವಿಡೀ, ಪ್ರತಿ ಗುಡುಗಿಗೂ ಈ ಮಗು ತಾಯಿಯನ್ನು ನೆನೆದು ನಡುಗುತ್ತದೆ.

ಚೀಲ ತಂದ ಮಗಳು, ಬೇಕಾದರೆ ರಜೆ ಹಾಕುತ್ತೇನೆ ಎಂದಳು. ವಾರ್ಡಿನಲ್ಲಿ ಜನ ಕಡಿಮೆ ಎಂದು ನನಗೆ ಗೊತ್ತಿತ್ತು. "ನೀನು ಹೋಗು, ನಾವು ಇದ್ದೇವೆ," ಎಂದು ಮಗುವನ್ನು ಎತ್ತಿಕೊಂಡು ಕಾರಿಗೆ ಬಂದೆ. ಹಿಂದಿನ ಸೀಟಿನಲ್ಲಿ ಅದು ಮಲಗಿದ ಕೂಡಲೇ ನಿದ್ದೆ ಹೋಯಿತು.

ಸಿಗ್ನಲಿನಲ್ಲಿ ಕಾರು ನಿಂತಾಗ ಯಜಮಾನರಿಗೆ ಮೆಲ್ಲಗೆ ಕೇಳಿದೆ. "ಈ ಸಿಡಿಲು ಅಂದರೆ ಸರಿಯಾಗಿ ಎಂತ?"

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಕೆಲಸದ ಬಗ್ಗೆ ನಾನು ಕೇಳಿದ್ದು ಸಂಬಳ ಬಂತಾ ಎಂದು ಮಾತ್ರ. ಅವರು ತಿರುಗಿ ನೋಡಿದರು. "ಕರೆಂಟ್," ಎಂದರು.

"ಅಷ್ಟು ನನಗೂ ಗೊತ್ತುಂಟು. ಮಗುವಿಗೆ ಹೇಳುವ ಹಾಗೆ ಹೇಳಿ."

"ಮೋಡದಲ್ಲಿ ಕರೆಂಟ್ ತುಂಬ್ತದೆ. ತುಂಬಿ ತುಂಬಿ ಜಾಗ ಸಾಲದೆ ಆದಾಗ ಭೂಮಿಗೆ ಇಳೀಬೇಕು ಅದಕ್ಕೆ. ಹಂಚಿನ ಮಾಡಿನ ಮೇಲಿನ ನೀರು ಹೇಗೆ ಇಳಿಜಾರು ನೋಡಿ ಹೋಗ್ತದೆ, ಹಾಗೆ ಸುಲಭದ ದಾರಿ ನೋಡ್ತದೆ. ಎತ್ತರದ್ದು ಸಿಕ್ಕಿದರೆ ಹೆಚ್ಚಾಗಿ ಅದರಲ್ಲಿ ಇಳೀತದೆ. ತೆಂಗಿನಮರ, ಟವರ್, ಹಾಗೆ."

"ಆಸ್ಪತ್ರೆ ಎತ್ತರ ಉಂಟಲ್ಲ?"

"ಅದರ ತಲೆಯ ಮೇಲೆ ಕಂಬಿ ನೆಟ್ಟು, ಅಲ್ಲಿಂದ ತಾಮ್ರದ ಪಟ್ಟಿ ಮಣ್ಣಿನವರೆಗೆ ಇಳಿಸಿರ್ತಾರೆ. ಸಿಡಿಲಿಗೆ ರಸ್ತೆ ಮಾಡಿ ಕೊಟ್ಟ ಹಾಗೆ. ಒಳಗೆ ಇದ್ದವರ ಉಸಾಬರಿ ಅದಕ್ಕೆ ಬೇಡ. ನಾನು ಎಷ್ಟು ಕಟ್ಟಡಕ್ಕೆ ಹಾಕಿಲ್ಲ." ಸಿಗ್ನಲ್ ಬಿಟ್ಟಿತು. ಗೇರ್ ಹಾಕುತ್ತಾ ಕೇಳಿದರು, "ನೀನು ಅವಳಿಗೆ ಎಂತ ಹೇಳಿದ್ದಿ?"

ಹೇಳಿದೆ. ಅವರು ರಸ್ತೆ ನೋಡಿ ಕಾರು ಓಡಿಸುತ್ತಾ ಹೋದರು. ಬೈದಿದ್ದರೆ ಹಗುರ ಆಗುತ್ತಿತ್ತು. ಶನಿವಾರ ಪಾಪನಿವೇದನೆಗೆ ಹೋದಾಗ ಇದನ್ನು ಪಾದ್ರಿಗಳ ಹತ್ತಿರ ಏನೆಂದು ಹೇಳುವುದು ಎಂದು ನಾನು ಯೋಚಿಸುತ್ತಿದ್ದೆ. ಸುಳ್ಳು ಎಂದು ಹೇಳಲೇ? ಗರಿಯನ್ನು ನಾನು ನಂಬುತ್ತೇನಲ್ಲ. ಆದರೆ ಮನೆ ಹುಡುಕಿಕೊಂಡು ಬರುತ್ತದೆ ಎಂದದ್ದು ನಂಬಿ ಹೇಳಿದ್ದಲ್ಲ. ಒಂದು ಮಗುವನ್ನು ಅಡುಗೆಮನೆಯಿಂದ ಓಡಿಸಲು ದೇವರನ್ನು ಕೋಲಿನ ಹಾಗೆ ಎತ್ತಿದ್ದು. ಹತ್ತು ಕಟ್ಟಳೆಗಳಲ್ಲಿ ಅದಕ್ಕೊಂದು ಜಾಗ ಇರಬೇಕು, ದೇವರ ಹೆಸರನ್ನು ಸುಮ್ಮನೆ ಎತ್ತಬಾರದು ಎಂಬಲ್ಲಿ.

ಸಂಜೆ ಕಪ್ಪಾಗಿ ಬಂದದ್ದು ನಿಜವಾದ ಮಳೆ. ಮೊದಲ ಗುಡುಗಿಗೆ ಕರೆಂಟ್ ಹೋಯಿತು. ಮಗು ಊಟದ ಮೇಜಿನ ಅಡಿಗೆ ಹೋಗಿ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿತು.

"ಗರಿ ಸುಡು ಮಾಂಯ್. ಪೂರ್ತಿ ಸುಡು. ಮಮ್ಮಿಗೂ ಸೇರಿಸಿ ಸುಡು."

ಮೇಣದ ಬತ್ತಿ ಹಚ್ಚಿದ ಬೆಂಕಿಪೆಟ್ಟಿಗೆ ಕೈಯಲ್ಲೇ ಇತ್ತು. ಒಂದು ತುಂಡು ಸುಟ್ಟರೆ ಮಗು ಈಗಲೇ ಸುಮ್ಮನಾಗುತ್ತದೆ. ನನಗೂ ಸುಡಬೇಕು ಅನಿಸುತ್ತಿತ್ತು, ಒಂದೊಂದು ಗುಡುಗಿಗೂ ಕೈ ಆಲ್ತಾರಿನ ಕಡೆ ಹೋಗುತ್ತಿತ್ತು. ಆದರೆ ಈಗ ಸುಟ್ಟರೆ ಹಿಂದಿನ ವಾರದ ಮಾತಿಗೆ ಮೊಳೆ ಹೊಡೆದ ಹಾಗೆ. ಬೆಂಕಿಪೆಟ್ಟಿಗೆಯನ್ನು ಕಪಾಟಿನ ಮೇಲೆ ಎಸೆದು, ಮೊಣಕಾಲು ನೋವಿನಲ್ಲೇ ಬಗ್ಗಿ ಮೇಜಿನ ಅಡಿಗೆ ಹೋಗಿ ಅವಳ ಹತ್ತಿರ ಕೂತೆ.

"ಮಾಂಯ್ ನಿನಗೆ ತಪ್ಪು ಹೇಳಿದ್ದು, ಮಗಾ," ಎಂದೆ.

"ಯಾವುದು?"

"ಸುಡದಿದ್ದರೆ ಗುಡುಗು ಹುಡುಕಿಕೊಂಡು ಬರ್ತದೆ ಅಂತ ಹೇಳಿದೆನಲ್ಲ, ಅದು. ಅದು ಯಾರನ್ನೂ ಹುಡುಕುವುದಿಲ್ಲ." ಮಾಡಿನ ನೀರು, ಕಂಬಿ, ತಾಮ್ರದ ಪಟ್ಟಿ, ಆಬ್ ಹೇಳಿದ್ದನ್ನೆಲ್ಲ ನನಗೆ ತಿಳಿದ ಹಾಗೆ ಹೇಳಿದೆ. ಮಮ್ಮಿಯ ಆಸ್ಪತ್ರೆಯ ಮೇಲೆ ಅಂಥ ಕಂಬಿ ಇರುತ್ತದೆ ಎಂದೆ. ಕುರ್ಚಿಯಲ್ಲಿ ಕೂತಿದ್ದ ಆಬ್, "ನಾಳೆ ಹೋಗಿ ತೋರಿಸ್ತೇನೆ, ಕೆಳಗಿಂದಲೇ ಕಾಣ್ತದೆ," ಎಂದು ಸೇರಿಸಿದರು.

"ಹಾಗಾದರೆ ಗರಿ ಯಾಕೆ ಸುಡುವುದು?"

ಇದಕ್ಕೆ ನನಗೆ ಯಾರೂ ಉತ್ತರ ಕಲಿಸಿರಲಿಲ್ಲ. "ಅದು ಗುಡುಗಿಗೆ ಹೇಳುವುದಲ್ಲ. ನಾವು ಇಲ್ಲಿದ್ದೇವೆ, ಹೆದರಿಕೆ ಆಗ್ತಾ ಉಂಟು ಅಂತ ದೇವರಿಗೆ ಹೇಳುವುದು."

"ದೇವರಿಗೆ ಗೊತ್ತಿಲ್ಲವಾ?"

"ಗೊತ್ತುಂಟು. ನೀನು ಶಾಲೆಯಿಂದ ಬಂದ ಕೂಡಲೇ 'ಮಾಂಯ್, ನಾನು ಬಂದೆ' ಅಂತ ಕೂಗುವುದಿಲ್ಲವಾ? ನೀನು ಬಂದದ್ದು ನನಗೆ ಕಿಟಕಿಯಲ್ಲೇ ಕಂಡಿರ್ತದೆ. ಆದರೂ ನೀನು ಕೂಗ್ತಿ. ಕೂಗದಿದ್ದರೆ ನಾನು ನಿನಗೆ ಬಾಗಿಲು ತೆರೆಯುವುದಿಲ್ಲವಾ?"

ಹೊರಗೆ ಇನ್ನೊಂದು ಸಿಡಿಲು ಹೊಡೆಯಿತು. ಅವಳು ಬೆಚ್ಚಿ ನನ್ನ ತೋಳು ಹಿಡಿದಳು, ನಾನು ಅವಳದು ಹಿಡಿದೆ. ಆಮೇಲೆ ಅವಳು ಕೇಳಿದ್ದು ನಾನು ಎಣಿಸಿರದ ಪ್ರಶ್ನೆ.

"ಸಮುದ್ರದ ಉಪ್ಪೂ ತಪ್ಪಾ?"

"ಅದು... ನನಗೆ ಗೊತ್ತಿಲ್ಲ. ಸುಮ್ಮನೆ ಹೇಳಿದ್ದು."

"ಚಂದ್ರ?"

"ಅದೂ ಗೊತ್ತಿಲ್ಲ."

"ಲೋಟ ಬೆವರುವುದು?"

"ಅದು ಬೆವರು ಅಲ್ಲ ಅಂತ ಕಾಣ್ತದೆ."

"ಕುಕ್ಕರ್ ವಿಸಿಲ್?"

"ಅದು ಸರಿ. ಒಳಗಿನ ಹಬೆ ಹೊರಗೆ ಬರುವಾಗ ಆಗುವುದು. ಅದು ನನಗೆ ಗೊತ್ತುಂಟು."

"ಒಂದೇ ಸರಿಯಾ?" ಎಂದಳು. ತಮಾಷೆಗಲ್ಲ. ಬಹಳ ಬೇಸರದಲ್ಲಿ ಕೇಳಿದಳು. ನನ್ನ ಟೀಚರಮ್ಮನ ಕೆಲಸ ಅಲ್ಲಿಗೆ ಹೋಯಿತು. ಆ ಬೇಸರ ನೋಡಿ ನನಗೆ ಕಣ್ಣೀರು ಬಂತು. ಕರೆಂಟ್ ಇಲ್ಲದ್ದು ಒಳ್ಳೆಯದೇ ಆಯಿತು ಎಂದುಕೊಂಡೆ.

ಮಳೆ ಕಡಿಮೆಯಾಗುತ್ತಿದ್ದಂತೆ ಮಗಳ ಫೋನ್ ಬಂತು. ಮಗು ಮೇಜಿನ ಅಡಿಯಿಂದಲೇ ಮಾತಾಡಿತು. ಮಗಳ ಸ್ವರ ನನಗೂ ಕೇಳುತ್ತಿತ್ತು.

"ಇಲ್ಲಿ ಜೋರು ಗುಡುಗು, ಚಿನ್ನ. ಎಂತ ಆಗಲಿಲ್ಲ. ನೀನು ಅರ್ಧ ಗರಿ ಸುಟ್ಟದ್ದೇ ಸಾಕಾಯ್ತು ನೋಡು."

ಪಾಪ, ಅವಳು ಮಗುವನ್ನು ನಗಿಸಲು ಹೇಳಿದ್ದು. ಆದರೆ ಮೇಜಿನ ಅಡಿಯಲ್ಲಿ ಇಷ್ಟು ಹೊತ್ತು ನಾನು ಬಿಚ್ಚಿದ ಗಂಟನ್ನು ಪುನಃ ಹಾಕಿಬಿಟ್ಟಳಲ್ಲ ಎಂದುಕೊಂಡೆ.

"ಅದು ಹಾಗಲ್ಲ ಮಮ್ಮಿ," ಎಂದಿತು ಮಗು. "ನಿನ್ನ ಆಸ್ಪತ್ರೆಯ ಮೇಲೆ ಕಂಬಿ ಉಂಟು. ಸಿಡಿಲು ಅದರಲ್ಲಿ ಮಣ್ಣಿಗೆ ಹೋಗ್ತದೆ. ಗುಡುಗು ಹುಡುಕಿಕೊಂಡು ಬರುವುದಿಲ್ಲ. ಮಾಂಯ್ ಆವತ್ತು ತಪ್ಪು ಹೇಳಿದ್ದು."

ಆಚೆ ಕಡೆಯಿಂದ "ಮಾಂಯ್‌ಗೆ ಕೊಡು," ಎಂದದ್ದು ಕೇಳಿತು.

"ನೀವಾ ಅವಳಿಗೆ ಹಾಗೆ ಹೇಳಿದ್ದು?"

"ಹೌದು."

"ನಾನು ಮಧ್ಯಾಹ್ನದಿಂದ ನನ್ನನ್ನೇ ಬೈದುಕೊಳ್ತಾ ಇದ್ದೆ ಮಮ್ಮಿ. ಇಂಜೆಕ್ಷನ್ ಕೊಡುವಾಗಲೂ ಅದೇ ತಲೆಯಲ್ಲಿ."

"ಗೊತ್ತುಂಟು. ಆಗಲೇ ಹೇಳಬೇಕಿತ್ತು. ನನಗೆ ಧೈರ್ಯ ಬರಲಿಲ್ಲ."

ಹಿಂದಿನಿಂದ ಯಾರೋ ಅವಳನ್ನು ಸಿಸ್ಟರ್ ಎಂದು ಕರೆದರು. ಬಂದೆ ಎಂದಳು. ಪರವಾಗಿಲ್ಲ ಎಂದು ಹೇಳಲಿಲ್ಲ. ಹೇಳುತ್ತಾಳೆ ಎಂದು ನಾನು ಕಾದದ್ದು ಹೌದು. "ನಿಮ್ಮ ಸೆರಗಿನಲ್ಲಿ ಹುರುಪೆ ಇತ್ತಲ್ಲ, ಮೀನು ಮಾಡಿದಿರಾ?" ಎಂದು ಕೇಳಿದಳು.

"ಇಲ್ಲ, ಇನ್ನೂ ಶುಚಿ ಸಹ ಆಗಿಲ್ಲ."

"ನಾಳೆಗೆ ನನಗೆ ಎರಡು ತೆಗೆದಿಡಿ," ಎಂದು ಫೋನ್ ಇಟ್ಟಳು.

ಅಷ್ಟನ್ನು ಇವತ್ತಿನ ಕೃಪೆಗೆ ಸೇರಿಸಿಕೊಂಡೆ. ಹೆಚ್ಚು ಕೇಳುವ ಮುಖ ನನಗಿರಲಿಲ್ಲ.

ಕರೆಂಟ್ ಬಂತು. ಫ್ರಿಜ್ ತೆರೆದ ಯಜಮಾನರು, "ಇದೆಂತ ಮಾರಾಯ್ತಿ, ನೀರಿನ ಬಾಟಲಿಗೆಲ್ಲ ಮೀನಿನ ವಾಸನೆ," ಎಂದರು. ನಾನು ಪಾತ್ರೆ ತೆಗೆದುಕೊಂಡು ಹಿತ್ತಿಲ ನಲ್ಲಿಯ ಹತ್ತಿರ ಹೋದೆ. ಮಗು ಮೇಜಿನ ಅಡಿಯಿಂದ ಎದ್ದು ಬಂದು ಮೆಟ್ಟಿಲ ಮೇಲೆ ನನ್ನಿಂದ ಸ್ವಲ್ಪ ದೂರ ಕೂತಿತು. ಆಕಾಶದಲ್ಲಿ ಎಲ್ಲೋ ದೂರ ಗುಡುಗುತ್ತಿತ್ತು. ಅದು ತಲೆ ಎತ್ತಿ ಒಮ್ಮೆ ನೋಡಿತು, ಆದರೆ ಒಳಗೆ ಓಡಲಿಲ್ಲ. ಪ್ರಶ್ನೆಯನ್ನೂ ಕೇಳಲಿಲ್ಲ. ಇನ್ನು ಈ ಮಗು ನನ್ನನ್ನು ಏನೂ ಕೇಳುವುದಿಲ್ಲವೇನೋ ಎಂದು ಹೆದರಿದೆ. ಮೀನಿನ ಹುರುಪೆ ತೆಗೆಯುತ್ತಾ ಹೋದೆ.

"ಮಾಂಯ್."

"ಎಂತ ಮಗಾ?"

"ಮೀನು ಕಣ್ಣು ಯಾಕೆ ಮುಚ್ಚುವುದಿಲ್ಲ?"

ಉತ್ತರ ನಾಲಿಗೆಯ ತುದಿಯಲ್ಲೇ ಬಂದು ನಿಂತಿತ್ತು. ಕಡಲಿನ ಅಡಿಯಲ್ಲೂ ದೇವರನ್ನು ನೋಡುತ್ತಾ ಇರುವುದಕ್ಕೆ ಎಂದು. ಚೆನ್ನಾಗಿತ್ತು ಉತ್ತರ. ನುಂಗಿಕೊಂಡೆ.

"ಗೊತ್ತಿಲ್ಲ," ಎಂದೆ.

"ಆಬ್‌ಗೆ ಗೊತ್ತುಂಟಾ?"

"ಕೇಳಿ ನೋಡು. ಅವರಿಗೂ ಗೊತ್ತಿಲ್ಲದಿದ್ದರೆ ಶಾಲೆ ಶುರುವಾದ ಮೇಲೆ ಟೀಚರಿಗೆ ಕೇಳು. ಮತ್ತೆ ನನಗೂ ಬಂದು ಹೇಳು."

ಬ್ಯಾಂಡೇಜಿನ ಕೈ ಮೇಲೆತ್ತಿ ಹಿಡಿದುಕೊಂಡು ಅದು ಒಳಗೆ ಹೋಯಿತು. ನಾನು ಎರಡು ದೊಡ್ಡ ಮೀನು ಮಗಳಿಗೆಂದು ಬದಿಗಿಟ್ಟೆ. ಉಳಿದದ್ದಕ್ಕೆ ಉಪ್ಪು, ಅರಶಿನ ಹಚ್ಚಿಟ್ಟು, ಮೆಣಸು ಕಡೆಯಲು ಎದ್ದೆ.